ನಿಂತಲ್ಲೇ ಕಣ್ಣು ಕತ್ತಲೆ: ನನ್ನ ಟಿಲ್ಟ್ ಟೇಬಲ್ ಟೆಸ್ಟಿನ ಕಥೆ

ನಾನು ತಿಪಟೂರು ಕಡೆಯ ಒಂದು ಹಳ್ಳಿ ಹೈಸ್ಕೂಲಿನಲ್ಲಿ ವಿಜ್ಞಾನ ಟೀಚರ್. ಹದಿಮೂರು ವರ್ಷದಿಂದ ಹತ್ತನೇ ಕ್ಲಾಸಿಗೆ ನರವ್ಯೂಹದ ಪಾಠ ಮಾಡುತ್ತಿದ್ದೇನೆ. ಬೋರ್ಡಿನ ಮೇಲೆ ಮೆದುಳಿನ ಚಿತ್ರ ಬರೆದು, ಕೆಳಗೆ ಕಾಂಡದ ಥರ ಇಳಿಯುವ ಭಾಗಕ್ಕೆ ಗೆರೆ ಎಳೆದು, 'ಮೆಡುಲ್ಲಾ: ರಕ್ತದ ಒತ್ತಡ, ಜೊಲ್ಲು, ವಾಂತಿ ಮುಂತಾದ ಅನೈಚ್ಛಿಕ ಕ್ರಿಯೆಗಳನ್ನು ನಿಯಂತ್ರಿಸುತ್ತದೆ' ಅಂತ ಬರೆಸುತ್ತೇನೆ. ಒಂದು ಮಾರ್ಕಿನ ಪ್ರಶ್ನೆ. ಮುಗೀತು, ಮುಂದಿನ ಪಾಠ.

ಕಳೆದ ಆಗಸ್ಟ್ 15ರಂದು ಆ ಒಂದು ಮಾರ್ಕು ನನ್ನನ್ನು ಇಡೀ ಊರಿನ ಎದುರು ಕೆಡವಿತು.

ಅವತ್ತು ಬೆಳಗ್ಗೆ ಐದಕ್ಕೇ ಎದ್ದು ಶಾಲೆಗೆ ಹೋಗಿದ್ದೆ. ಧ್ವಜದ ಕಟ್ಟೆ ಸುತ್ತ ರಂಗೋಲಿ, ಮಕ್ಕಳ ವೇಷ, ಲಾಡು ಎಣಿಸಿ ಡಬ್ಬಕ್ಕೆ ತುಂಬುವುದು. ಹೊಟ್ಟೆಗೆ ಬಿದ್ದಿದ್ದು ಒಂದು ಲೋಟ ಕಾಫಿ. ಧ್ವಜಾರೋಹಣ ಆಯಿತು, ರಾಷ್ಟ್ರಗೀತೆ ಆಯಿತು, ಆಮೇಲೆ ಭಾಷಣ ಶುರು. ಒಬ್ಬರಾದ ಮೇಲೆ ಒಬ್ಬರು. ಮೂರನೆಯವರು ಮೈಕ್ ಹಿಡಿದು 'ಎರಡೇ ಮಾತು ಹೇಳಿ ಮುಗಿಸ್ತೀನಿ' ಅಂದಾಗಲೇ ನನಗೆ ಗೊತ್ತಾಯಿತು, ಇದು ಇವತ್ತು ಮುಗಿಯೋದಲ್ಲ ಅಂತ. ನಾನು ಎಂಟನೇ ಕ್ಲಾಸಿನ ಸಾಲಿನ ಪಕ್ಕ ನೆಟ್ಟಗೆ ನಿಂತಿದ್ದೆ. ಹೊಟ್ಟೆ ತೊಳಸಿದಂತಾಯಿತು. ಬೆನ್ನ ಮೇಲೆ ತಣ್ಣನೆ ಬೆವರು. ಮೈಕಿನ ಸದ್ದು ಬಾವಿಯೊಳಗಿಂದ ಬಂದ ಹಾಗೆ ದೂರ ದೂರ ಆಗುತ್ತಾ ಹೋಯಿತು, ಎದುರಿದ್ದ ಬಿಳಿ ಯೂನಿಫಾರ್ಮುಗಳೆಲ್ಲ ಬೂದಿ ಬಣ್ಣಕ್ಕೆ ತಿರುಗಿದವು. ಅಷ್ಟೇ ನೆನಪು.

ಆಮೇಲಿನದ್ದು ಬೇರೆಯವರು ಹೇಳಿದ್ದು. ಪಿಟಿ ಮಾಸ್ಟರು ಓಡಿ ಬಂದು, ಪಾಪ ಒಳ್ಳೆ ಮನಸ್ಸಿನಿಂದಲೇ, ನನ್ನನ್ನು ಎತ್ತಿ ಕುರ್ಚಿ ಮೇಲೆ ಕೂರಿಸಿ ಹಿಡಿದುಕೊಂಡರಂತೆ. ಕೂರಿಸಿದ ತಕ್ಷಣ ನನ್ನ ಎರಡೂ ಕೈ ಪಟಪಟ ಅಂತ ಅದುರಿದವಂತೆ. ಯಾರೋ 'ಫಿಟ್ಸು, ಫಿಟ್ಸು, ಕಬ್ಬಿಣ ಕೊಡ್ರೋ' ಅಂತ ಕೂಗಿದರು. ಆಫೀಸಿನ ಬೀಗದ ಕೈ ಗೊಂಚಲು ನನ್ನ ಮುಷ್ಟಿಗೆ ತುರುಕಿದರು. ಕೊನೆಗೆ ಕುರ್ಚಿ ವಾಲಿ ನಾನು ನೆಲಕ್ಕೆ ಬಿದ್ದೆ. ಬಿದ್ದ ಅರ್ಧ ನಿಮಿಷಕ್ಕೆ ಕಣ್ಣು ಬಿಟ್ಟೆ. ಎಲ್ಲರೂ ಬೀಗದ ಕೈಯಿಂದಲೇ ಸರಿ ಹೋಯಿತು ಅಂದುಕೊಂಡರು.

ಈ ಕುರ್ಚಿ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಮನೆಗೆ ಬಂದಾಗ ಅತ್ತೆ ಮೆಣಸಿನಕಾಯಿ, ಉಪ್ಪು ನಿವಾಳಿಸಿ ಒಲೆಗೆ ಹಾಕಿದರು. 'ಅಷ್ಟು ಜನರ ಮಧ್ಯೆ ರೇಷ್ಮೆ ಸೀರೆ ಉಟ್ಕೊಂಡು ನಿಂತ್ರೆ ದೃಷ್ಟಿ ಆಗ್ದೆ ಇರುತ್ತೇನಮ್ಮಾ' ಅಂತ. ಯಜಮಾನರು ಪಟ್ಟಣದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿನ ಡಾಕ್ಟರು ಕೇಳಿದ್ದು ಎರಡೇ ಪ್ರಶ್ನೆ. ಪ್ರಜ್ಞೆ ತಪ್ಪಿತಾ? ತಪ್ಪಿತು. ಕೈಕಾಲು ಅದುರಿತಾ? ಅದುರಿತಂತೆ. ತಲೆ ತುಂಬಾ ವೈರ್ ಅಂಟಿಸಿ ಇಇಜಿ ಮಾಡಿದರು, ನಾರ್ಮಲ್ ಅಂತಲೇ ಬಂತು. ಆದರೂ ಫಿಟ್ಸ್ ಮಾತ್ರೆ ಬರೆದುಕೊಟ್ಟರು, ದಿನಕ್ಕೆ ಎರಡು. ಮೂರು ತಿಂಗಳು ನುಂಗಿದೆ. ಕ್ಲಾಸಿನಲ್ಲಿ ನಿದ್ದೆ ತೂಗುತ್ತಿತ್ತು. ಸಣ್ಣಪುಟ್ಟದ್ದಕ್ಕೆಲ್ಲ ಮಕ್ಕಳ ಮೇಲೆ ರೇಗುತ್ತಿದ್ದೆ. ಗಾಡಿ ಓಡಿಸಬೇಡಿ ಅಂದಿದ್ದರಿಂದ ಸ್ಕೂಟಿ ಮೂಲೆ ಸೇರಿತು. ಸ್ಟಾಫ್ ರೂಮಿನಲ್ಲಿ ನಾನು ಒಳಗೆ ಹೋದರೆ ಮಾತು ನಿಲ್ಲುತ್ತಿತ್ತು, ಅದೇ ಎಲ್ಲಕ್ಕಿಂತ ಜಾಸ್ತಿ ಚುಚ್ಚಿದ್ದು. ಇಷ್ಟೆಲ್ಲ ಆಗಿ ನವೆಂಬರಿನಲ್ಲಿ ಒಂದು ಮದುವೆ ಮನೆಯಲ್ಲಿ, ಅಕ್ಷತೆ ಹಾಕಿ ಮುಯ್ಯಿ ಕೊಡೋಕೆ ಸ್ಟೇಜಿನ ಪಕ್ಕ ಕ್ಯೂ ನಿಂತಿದ್ದಾಗ, ಮತ್ತೆ ಬಿದ್ದೆ.

ಯಜಮಾನರ ಚಿಕ್ಕಪ್ಪನ ಮಗಳು ನರ್ಸ್. ಅವಳೇ ಹಟ ಹಿಡಿದು ಬೆಂಗಳೂರಿಗೆ ಕರೆಸಿಕೊಂಡಿದ್ದು. ಅಲ್ಲಿ ನೋಡಿದ ಡಾಕ್ಟರ್ ಮೇಡಂ ಫೈಲು ತೆಗೆಯಲೇ ಇಲ್ಲ. ಮೊದಲ ಪ್ರಶ್ನೆ: 'ಬಿದ್ದಾಗ ನಿಮ್ಮ ಮುಖ ಯಾವ ಬಣ್ಣ ಇತ್ತು?'

ನನಗೆ ಹೇಗೆ ಗೊತ್ತಿರುತ್ತೆ ಹೇಳಿ. ಯಜಮಾನರು ಎರಡು ಸಲವೂ ಜೊತೆಯಲ್ಲಿ ಇರಲಿಲ್ಲ. 'ಯಾರು ನೋಡಿದ್ರೋ ಅವರಿಗೆ ಫೋನ್ ಮಾಡಿ' ಅಂದರು ಡಾಕ್ಟರ್. ಹೆಡ್‌ಮಾಸ್ಟರಿಗೆ ಮಾಡಿದೆ, ಅವರು ಭಾಷಣಕಾರರ ಕಡೆ ನೋಡುತ್ತಿದ್ದರಂತೆ. ಅವರು ಎಂಟನೇ ಕ್ಲಾಸಿನ ಸಾಲಿನಲ್ಲಿ ನನ್ನ ಪಕ್ಕವೇ ನಿಂತಿದ್ದ ಹುಡುಗಿಯನ್ನು ಕರೆದು ಫೋನ್ ಕೊಟ್ಟರು. ಅವಳು ಗಂಟಲು ಸರಿ ಮಾಡಿಕೊಂಡು, ಪಾಠ ಒಪ್ಪಿಸುವ ಹಾಗೆ ಹೇಳಿದಳು: 'ಮಿಸ್, ನೀವು ಮೂರು ಸಲ ಆಕಳಿಸಿದ್ರಿ. ಆಮೇಲೆ ಸೆರಗಲ್ಲಿ ಕತ್ತು ಒರೆಸ್ಕೊಂಡ್ರಿ. ಮುಖ ಸುಣ್ಣದ ಥರ ಆಗಿತ್ತು ಮಿಸ್, ತುಟಿನೂ ಬೆಳ್ಳಗಾಗಿತ್ತು. ಆಮೇಲೆ ಮೆತ್ತಗೆ ಬಿದ್ರಿ. ಕೈ ಅದುರಿದ್ದು ಕುರ್ಚಿ ಮೇಲೆ ಕೂರಿಸಿದ್ಮೇಲೆ.'

ಸ್ಪೀಕರಿನಲ್ಲಿ ಕೇಳುತ್ತಿದ್ದ ಡಾಕ್ಟರ್ ಮೇಡಂ ಪೆನ್ನು ಕೆಳಗಿಟ್ಟು ನಕ್ಕರು. 'ಈ ಹುಡುಗಿಗೆ ನನ್ನ ಕುರ್ಚಿ ಕೊಡಬಹುದು' ಅಂದರು.

ಅವರು ಬಿಡಿಸಿ ಹೇಳಿದ್ದು ಹೀಗೆ. ನಾವು ಎದ್ದು ನಿಂತರೆ ಸುಮಾರು ಅರ್ಧ ಲೀಟರಿನಿಂದ ಮುಕ್ಕಾಲು ಲೀಟರ್ ರಕ್ತ ಕಾಲಿಗೆ, ಹೊಟ್ಟೆಯ ಕೆಳಭಾಗಕ್ಕೆ ಇಳಿಯುತ್ತೆ. ಮೆದುಳು ಇರೋದು ಮೇಲೆ. ದೇಹದ ತೂಕದಲ್ಲಿ ನೂರಕ್ಕೆ 2 ಪಾಲು ಇರುವ ಅದಕ್ಕೆ ಆಮ್ಲಜನಕ ಮಾತ್ರ ನೂರಕ್ಕೆ 20 ಪಾಲು ಬೇಕು. ರಕ್ತ ಪೂರ್ತಿ ನಿಂತರೆ 6ರಿಂದ 8 ಸೆಕೆಂಡಿನಲ್ಲಿ ಪ್ರಜ್ಞೆ ಹೋಗುತ್ತೆ. ಹಾಗಾಗಬಾರದು ಅಂತ ಕತ್ತಿನ ಎರಡೂ ಕಡೆಯ ದೊಡ್ಡ ರಕ್ತನಾಳಗಳಲ್ಲಿ, ಹೃದಯದಿಂದ ಹೊರಡುವ ಮಹಾಧಮನಿಯ ಕಮಾನಿನಲ್ಲಿ ಕಾವಲುಗಾರರಿದ್ದಾರೆ. ನಾಳದ ಗೋಡೆ ಎಷ್ಟು ಹಿಗ್ಗಿದೆ ಅಂತ ಒಂದೊಂದು ಬಡಿತಕ್ಕೂ ಮೆಡುಲ್ಲಾಗೆ ವರದಿ ಕಳಿಸುತ್ತಿರುತ್ತಾರೆ. ಒತ್ತಡ ಕಮ್ಮಿ ಆಯಿತು ಅಂತ ಸುದ್ದಿ ಬಂದರೆ ಮೆಡುಲ್ಲಾ ಎರಡು ಕೆಲಸ ಮಾಡುತ್ತೆ. ಸಿಂಪಥೆಟಿಕ್ ನರಗಳ ಮೂಲಕ ರಕ್ತನಾಳಗಳನ್ನು ಬಿಗಿ ಮಾಡುತ್ತೆ. ವೇಗಸ್ ನರದ ಹಿಡಿತ ಸಡಿಲಿಸಿ ಹೃದಯವನ್ನು ಓಡಿಸುತ್ತೆ. ನಾವು ಎದ್ದು ನಿಂತು ಸೀರೆ ಸರಿ ಮಾಡಿಕೊಳ್ಳುವಷ್ಟರಲ್ಲಿ ಇದೆಲ್ಲ ಆಗಿ ಹೋಗಿರುತ್ತೆ.

ಕೆಲವರಲ್ಲಿ ತುಂಬಾ ಹೊತ್ತು ನಿಂತಾಗ ಇದು ಇದ್ದಕ್ಕಿದ್ದಂತೆ ಉಲ್ಟಾ ಹೊಡೆಯುತ್ತೆ. ಬಿಗಿಯಬೇಕಾದ ನಾಳಗಳು ಸಡಿಲವಾಗುತ್ತವೆ, ಓಡಬೇಕಾದ ಹೃದಯಕ್ಕೆ ಬ್ರೇಕ್ ಬೀಳುತ್ತೆ. ಹೀಗೆ ಪ್ರಜ್ಞೆ ತಪ್ಪೋದಕ್ಕೆ ಹೆಸರು ವೇಸೋವೇಗಲ್ ಸಿಂಕೋಪಿ. ಯಾಕೆ ಉಲ್ಟಾ ಹೊಡೆಯುತ್ತೆ ಅನ್ನೋದರ ಮೇಲೆ ಇವತ್ತಿಗೂ ವಾದ ನಡೆಯುತ್ತಿದೆ ಅಂದರು. ಬಿದ್ದು ಮಲಗಿದರೆ ರಕ್ತ ಮತ್ತೆ ತಲೆಗೆ ಹರಿದು ಎಚ್ಚರ ಆಗುತ್ತೆ. ಬಿದ್ದವರನ್ನು ಎತ್ತಿ ಕೂರಿಸಿದರೆ? ಮೆದುಳಿಗೆ ರಕ್ತ ಬರೋದು ಇನ್ನೂ ತಡ, ಆಗ ಕೈಕಾಲು ಅದುರೋದು ಸಾಮಾನ್ಯ. ಅಂದರೆ ನನ್ನ ಮೂರು ತಿಂಗಳ ಮಾತ್ರೆ ಹುಟ್ಟಿದ್ದು ಆ ಕುರ್ಚಿಯಿಂದ. ನನ್ನನ್ನು ಎಬ್ಬಿಸಿದ್ದು ಬೀಗದ ಕೈ ಅಲ್ಲ, ಕುರ್ಚಿ ವಾಲಿದ್ದು.

'ನಿಮ್ಮ ಮಾತಿಂದ ನನಗೆ ಮುಕ್ಕಾಲು ಭಾಗ ಖಾತ್ರಿ ಆಗಿದೆ. ಮಾತ್ರೆ ನಿಲ್ಲಿಸಬೇಕು ಅಂದ್ರೆ ಕಣ್ಣಾರೆ ನೋಡಬೇಕು' ಅಂದರು. ಆಟಾನಮಿಕ್ ಲ್ಯಾಬಿಗೆ, ಅಂದರೆ ಅನೈಚ್ಛಿಕ ಕ್ರಿಯೆಗಳ ನರಗಳನ್ನು ಪರೀಕ್ಷೆ ಮಾಡುವ ಜಾಗಕ್ಕೆ, ಚೀಟಿ ಬರೆದರು. ಹಿಂದಿನ ದಿನದಿಂದ ಕಾಫಿ ಬಂದ್. ಟೆಸ್ಟಿಗೆ ನಾಲ್ಕು ಗಂಟೆ ಮುಂಚಿನಿಂದ ಊಟ ಬಂದ್. ಕಾಫಿ ಇಲ್ಲದೆ ನನ್ನ ತಲೆ ಹೇಗೆ ಸಿಡಿಯಿತು ಅಂತ ಬರೆಯೋಕೆ ಹೋದರೆ ಬೇರೆಯದೇ ಲೇಖನ ಆಗುತ್ತೆ.

ಲ್ಯಾಬು ಅಂದರೆ ಏನೋ ಅಂದುಕೊಂಡಿದ್ದೆ. ತಣ್ಣನೆ ಮಬ್ಬು ಕೋಣೆ, ಒಂದು ಮಂಚ, ಒಂದು ಕಂಪ್ಯೂಟರ್. ಎದೆಗೆ ಇಸಿಜಿ ವೈರು, ತೋಳಿಗೆ ಬಿಪಿ ಪಟ್ಟಿ, ಬೆರಳಿಗೆ ಪುಟ್ಟ ಇನ್ನೊಂದು ಪಟ್ಟಿ. ಈ ಬೆರಳಿನದ್ದು ಒಂದೊಂದು ಬಡಿತದ ಬಿಪಿಯನ್ನೂ ತೋರಿಸುತ್ತೆ. ಟೆಕ್ನಿಷಿಯನ್ ಹುಡುಗ ಹುಬ್ಬಳ್ಳಿ ಕಡೆಯವನು. ನಾನು ವಿಜ್ಞಾನ ಟೀಚರ್ ಅಂದ ತಕ್ಷಣ ಸ್ಕ್ರೀನನ್ನು ನನ್ನ ಕಡೆ ತಿರುಗಿಸಿದ, 'ನೋಡ್ರಿ ಮೇಡಂ, ನಿಮ್ಮ ಪಾಠಾನ ಓಡಾಕತ್ತದ' ಅಂತ.

ಮೊದಲು ಉಸಿರು. ಐದು ಸೆಕೆಂಡ್ ಎಳೆದುಕೊಳ್ಳಬೇಕು, ಐದು ಸೆಕೆಂಡ್ ಬಿಡಬೇಕು, ನಿಮಿಷಕ್ಕೆ ಆರು ಸಲ. ಇಷ್ಟಕ್ಕೆ ಬೆಂಗಳೂರಿಗೆ ಬರಬೇಕಿತ್ತಾ ಅನ್ನಿಸಿತು. ಆದರೆ ಸ್ಕ್ರೀನ್ ನೋಡಿದರೆ, ನಾನು ಉಸಿರು ಎಳೆದಾಗ ಬಡಿತ 70ರಿಂದ 90 ಹತ್ತಿರ ಹತ್ತುತ್ತಿದೆ, ಬಿಟ್ಟಾಗ ಇಳಿಯುತ್ತಿದೆ, ಮತ್ತೆ ಹತ್ತುತ್ತಿದೆ, ಒಳ್ಳೆ ಜೋಕಾಲಿಯ ಹಾಗೆ. ನರಗಳ ಸಂಪರ್ಕವೇ ಇಲ್ಲದಿದ್ದರೆ ಹೃದಯ ತನ್ನ ಪಾಡಿಗೆ ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತಂತೆ. ಸುಮ್ನೆ ಕೂತಾಗ ನಮ್ಮದು 70ರ ಆಸುಪಾಸು ಇರೋದು ವೇಗಸ್ ಸದಾ ಬ್ರೇಕಿನ ಮೇಲೆ ಕಾಲಿಟ್ಟುಕೊಂಡಿರೋದರಿಂದ. ಉಸಿರು ಎಳೆದಾಗ ಆ ಕಾಲು ಸ್ವಲ್ಪ ಮೇಲೇಳುತ್ತೆ, ಬಿಟ್ಟಾಗ ಕೂರುತ್ತೆ. ಹತ್ತಿಳಿತದ ಅಂತರ 15ಕ್ಕಿಂತ ಜಾಸ್ತಿ ಇದ್ದರೆ ಬ್ರೇಕ್ ಚೆನ್ನಾಗಿದೆ ಅಂತ ಲೆಕ್ಕ. ನನ್ನದು 21.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕನ್ನಡದಲ್ಲಿ ಕೇಳಿದರೆ ವೇಗಸ್ ಅಂದರೆ ವೇಗ ಕೊಡುವ ನರ ಅನ್ನಿಸುತ್ತೆ. ನನ್ನ ಮಕ್ಕಳು ಪ್ರತಿ ವರ್ಷ ಹಾಗೇ ಬರೆಯುತ್ತಾರೆ. ಮಾಡೋದು ಮಾತ್ರ ನಿಧಾನ ಮಾಡುವ ಕೆಲಸ. ಲ್ಯಾಟಿನ್‌ನಲ್ಲಿ ಅದರ ಅರ್ಥ ಅಲೆಮಾರಿ. ಮೆಡುಲ್ಲಾದಿಂದ ಹೊರಟು ಗಂಟಲು, ಶ್ವಾಸಕೋಶ, ಹೃದಯ, ಹೊಟ್ಟೆ, ಕರುಳು ಅಂತ ಊರೆಲ್ಲ ಸುತ್ತುತ್ತೆ ನೋಡಿ, ಅದಕ್ಕೆ.

ಬಿಪಿ, ಬೆವರು, ಜೀರ್ಣ ಯಾವುದೂ ನಾವು ಹೇಳಿದ ಮಾತು ಕೇಳಲ್ಲ. ಉಸಿರೊಂದೇ ಎರಡೂ ಕಡೆ ಬಾಗಿಲಿರುವ ಮನೆ, ಅದರ ಪಾಡಿಗೆ ಅದು ನಡೆಯುತ್ತೆ, ಬೇಕಾದರೆ ನಾವೂ ನಡೆಸಬಹುದು. ಇಟಲಿಯ ಸಂಶೋಧಕರು 2001ರಲ್ಲಿ ಒಂದು ಸೊಗಸಾದ ಅಧ್ಯಯನ ಪ್ರಕಟಿಸಿದ್ದರು. ಲ್ಯಾಟಿನ್‌ನಲ್ಲಿ ಜಪಮಾಲೆಯ ಪ್ರಾರ್ಥನೆ ಹೇಳಿಸಿದರು, ಬೌದ್ಧರ 'ಓಂ ಮಣಿ ಪದ್ಮೇ' ಮಂತ್ರವನ್ನೂ ಹೇಳಿಸಿದರು. ಎರಡರಲ್ಲೂ ಉಸಿರು ತಾನಾಗಿಯೇ ನಿಮಿಷಕ್ಕೆ ಸುಮಾರು ಆರಕ್ಕೆ ಬಂದು ನಿಂತಿತು. ಇದನ್ನು ಅತ್ತೆಗೆ ಹೇಳಿದಾಗ ಅವರು ಜಪಮಣಿ ಎಣಿಸುವುದನ್ನೂ ನಿಲ್ಲಿಸದೆ 'ಹ್ಞೂಂ' ಅಂದರು. ಇದು ಇಟಲಿಯವರು ಹೇಳಬೇಕಿತ್ತಾ ಅನ್ನೋ 'ಹ್ಞೂಂ' ಅದು.

ಎರಡನೆಯದು ವಾಲ್ಸಾಲ್ವಾ. ಒಂದು ಕೊಳವೆ ಬಾಯಲ್ಲಿಟ್ಟು ಊದಿ, ಮುಳ್ಳನ್ನು 40ರಲ್ಲಿ 15 ಸೆಕೆಂಡ್ ನಿಲ್ಲಿಸಬೇಕು. ಅಜ್ಜಿ ಮನೆಯಲ್ಲಿ ಹಸಿ ಸೌದೆ ಒಲೆಗೆ ಊದುಗೊಳವೆ ಹಿಡಿದವಳು ನಾನು, ಒಂದೇ ಸಲಕ್ಕೆ ಪಾಸು. ಊದುವಾಗ ಎದೆಯೊಳಗೆ ಒತ್ತಡ ಹೆಚ್ಚಿ ಹೃದಯಕ್ಕೆ ರಕ್ತ ವಾಪಸು ಬರೋದು ಕಮ್ಮಿಯಾಗುತ್ತೆ, ಬಡಿತ ಏರುತ್ತೆ. ಬಿಟ್ಟ ಮೇಲೆ ಬಿಪಿ ಜಿಗಿಯುತ್ತೆ, ಮೆಡುಲ್ಲಾ ಅದನ್ನು ಕಂಡು ತಕ್ಷಣ ಬ್ರೇಕ್ ಹಾಕುತ್ತೆ. ಸ್ಕ್ರೀನಿನಲ್ಲಿ ಗೆರೆ ಗುಡ್ಡ ಹತ್ತಿ ಹಳ್ಳಕ್ಕೆ ಇಳಿಯೋದು ಕಾಣುತ್ತಿತ್ತು. ಆಮೇಲೆ ಹಿಡಿಕೆಯನ್ನು ಅದುಮಿ ಹಿಡಿಯೋದು, ಐಸ್ ನೀರಲ್ಲಿ ಕೈ ಮುಳುಗಿಸೋದು. ಒಂದು ನಿಮಿಷ ಐಸ್ ನೀರು ಅಂದರೆ ತಮಾಷೆ ಅಲ್ಲ, ಮೂಳೆ ಒಳಗೆ ಸೂಜಿ ಚುಚ್ಚಿದ ಹಾಗೆ. ಎಲ್ಲವೂ ನಾರ್ಮಲ್.

ನನಗೆ ಬೇಜಾರಾಯಿತು, ನಿಜ ಹೇಳ್ತೀನಿ. ಎಲ್ಲ ನಾರ್ಮಲ್ ಅಂದರೆ ಮಾತ್ರೆ ಮುಂದುವರಿಸಿ ಅಂತಾರೇನೋ ಅಂತ.

ಊಟದ ಹೊತ್ತಿಗೆ ಟಿಲ್ಟ್ ಟೇಬಲ್. ಕಾಲ ಕೆಳಗೆ ಹಲಗೆ ಇರುವ ಮಂಚ, ಎದೆಗೂ ಮಂಡಿಗೂ ಬೆಲ್ಟು. ಮೊದಲು ಸ್ವಲ್ಪ ಹೊತ್ತು ಮಲಗಿಸಿದರು. ಬಡಿತ 68, ಬಿಪಿ 116/74. ಆಮೇಲೆ ಗುಯ್ ಅಂತ ಮಂಚ ಎದ್ದು 70 ಡಿಗ್ರಿಗೆ ನಿಂತಿತು. ಕಾಲು ಆಡಿಸಬೇಡಿ, ಮಾತಾಡಬೇಡಿ, ಏನಾದರೂ ಅನ್ನಿಸಿದರೆ ಮಾತ್ರ ಹೇಳಿ ಅಂದರು. ಕಾಲು ಆಡಿಸಬಾರದು ಅನ್ನೋದರಲ್ಲೇ ಗುಟ್ಟಿದೆ. ನಡೆಯುವಾಗ ಮೀನಖಂಡ ಹಿಂಡಿ ಹಿಂಡಿ ರಕ್ತವನ್ನು ಮೇಲೆ ತಳ್ಳುತ್ತೆ. ಸುಮ್ನೆ ನಿಂತಾಗ ಆ ಪಂಪ್ ಬಂದ್, ಪೂರ್ತಿ ಭಾರ ಮೆಡುಲ್ಲಾ ಮೇಲೆ.

ಇಪ್ಪತ್ತು ನಿಮಿಷ ಏನೂ ಆಗಲಿಲ್ಲ. ಬಡಿತ 85ಕ್ಕೆ ಬಂದು ನಿಂತಿತ್ತು. ಎದುರು ಗೋಡೆಯ ಗಡಿಯಾರದ ಸೆಕೆಂಡ್ ಮುಳ್ಳು ನೋಡುತ್ತಾ, ಸಂಜೆ ಬಸ್ಸು ಸಿಗುತ್ತೋ ಇಲ್ಲವೋ ಅಂತ ಯೋಚಿಸುತ್ತಿದ್ದೆ. ಡಾಕ್ಟರ್ ಮೇಡಂ ಬಂದು ನಾಲಿಗೆ ಕೆಳಗೆ ನೈಟ್ರೋಗ್ಲಿಸರಿನ್ ಸ್ಪ್ರೇ ಹೊಡೆದರು. ಅದು ರಕ್ತನಾಳಗಳನ್ನು ಹಿಗ್ಗಿಸುವ ಔಷಧ, ನಿಂತವಳನ್ನು ಇನ್ನೊಂಚೂರು ತಳ್ಳಿ ನೋಡೋಕೆ.

ನಾಲ್ಕನೇ ನಿಮಿಷಕ್ಕೆ ಬಡಿತ 110 ದಾಟಿತು. ಐದನೇ ನಿಮಿಷಕ್ಕೆ ಒಂದು ಆಕಳಿಕೆ. ನನಗೇ ನಗು ಬಂತು, ಆ ಹುಡುಗಿ ನೆನಪಾದಳು. ಇನ್ನೊಂದು ಆಕಳಿಕೆ. ಹೊಟ್ಟೆ ತೊಳಸಿತು. 'ಮೇಡಂ, ಬರ್ತಾ ಇದೆ' ಅಂದೆ. ನನ್ನ ದನಿ ಪಕ್ಕದ ಕೋಣೆಯಿಂದ ಬಂದ ಹಾಗಿತ್ತು. ಅದೇ ತಣ್ಣನೆ ಬೆವರು, ಅದೇ ಬಾವಿ. ಆದರೆ ಈ ಸಲ ನನ್ನ ಕಣ್ಣೆದುರು ಸ್ಕ್ರೀನ್ ಇತ್ತು. 112 ಇದ್ದದ್ದು 90 ಆಯಿತು, 64 ಆಯಿತು, 47 ಅಂತ ಕಂಡಿತು. ಇದು ನಾನು ಅಂತ ಅನ್ನಿಸಲೇ ಇಲ್ಲ. ಯಾರದೋ ಗಾಡಿ ಇಳಿಜಾರಿನಲ್ಲಿ ಬ್ರೇಕ್ ಹಿಡಿದ ಹಾಗೆ. ಹುಬ್ಬಳ್ಳಿ ಹುಡುಗ ಗುಂಡಿ ಒತ್ತಿದ್ದು ಕಂಡಿತು, ಗುಯ್ ಅನ್ನೋ ಸದ್ದು ಕೇಳಲಿಲ್ಲ.

ಕಣ್ಣು ಬಿಟ್ಟಾಗ ಮಂಚ ಮಲಗಿತ್ತು, ಕಾಲು ತಲೆಗಿಂತ ಎತ್ತರದಲ್ಲಿತ್ತು. 'ಹತ್ತು ಸೆಕೆಂಡ್ ಅಷ್ಟೇ ಮೇಡಂ' ಅಂದರು ಡಾಕ್ಟರ್. ಬಡಿತ 36ಕ್ಕೆ, ಮೇಲಿನ ಬಿಪಿ 55ಕ್ಕೆ ಇಳಿದಿತ್ತಂತೆ. 'ಆಗಸ್ಟಲ್ಲಿ ಆಗಿದ್ದೂ ಇದೇನಾ?' ಅಂದರು. ಇದೇ, ಅಕ್ಷರಶಃ ಇದೇ ಅಂದೆ. ಅಳು ಬಂತು. ಖುಷಿಗೋ, ಬಿದ್ದ ಸುಸ್ತಿಗೋ ಗೊತ್ತಿಲ್ಲ. ಹುಡುಗ ಒಂದು ಲೋಟ ನೀರು ಕೊಟ್ಟು 'ಎಲ್ಲಾರೂ ಅಳ್ತಾರ್ರೀ' ಅಂದ.

ಮಲಗಿಕೊಂಡೇ ಇನ್ನೊಂದು ನೆನಪಾಯಿತು. ಆಸ್ಟ್ರಿಯಾದ ಗ್ರಾಜ್ ಊರಲ್ಲಿ ಓಟೋ ಲೋವಿ ಅಂತ ವಿಜ್ಞಾನಿ ಇದ್ದರು. ಒಂದು ರಾತ್ರಿ ಕನಸಿನಲ್ಲಿ ಒಂದು ಪ್ರಯೋಗ ಹೊಳೆದು, ನಿದ್ದೆಗಣ್ಣಲ್ಲೇ ಚೀಟಿಯಲ್ಲಿ ಗೀಚಿ ಮಲಗಿದರು. ಬೆಳಗ್ಗೆ ಎದ್ದು ನೋಡಿದರೆ ಅವರ ಕೈಬರಹ ಅವರಿಗೇ ಅರ್ಥ ಆಗಲಿಲ್ಲ. ಮಾರನೇ ರಾತ್ರಿ ಮತ್ತೆ ಅದೇ ಹೊಳೆದಾಗ ಚೀಟಿ ಗೀಟಿ ಏನೂ ಬೇಡ ಅಂತ ನೇರ ಲ್ಯಾಬಿಗೇ ಹೋದರು. ಒಂದು ಕಪ್ಪೆಯ ಹೃದಯದ ವೇಗಸ್ ನರಕ್ಕೆ ಕರೆಂಟ್ ಕೊಟ್ಟು ಬಡಿತ ನಿಧಾನ ಮಾಡಿದರು. ಆ ಹೃದಯ ಇದ್ದ ದ್ರವವನ್ನು ತೆಗೆದು ಇನ್ನೊಂದು ಕಪ್ಪೆಯ ಹೃದಯಕ್ಕೆ ಹಾಕಿದರೆ, ನರವೇ ಮುಟ್ಟದ ಆ ಹೃದಯವೂ ನಿಧಾನ ಆಯಿತು. ನರ ತನ್ನ ಸಂದೇಶವನ್ನು ರಾಸಾಯನಿಕದಲ್ಲಿ ಕಳಿಸುತ್ತೆ ಅಂತ ತೋರಿಸಿದ್ದು ಹೀಗೆ. 1921ರಲ್ಲಿ ಪ್ರಕಟವಾಯಿತು, 1936ರಲ್ಲಿ ಹೆನ್ರಿ ಡೇಲ್ ಜೊತೆ ನೊಬೆಲ್ ಬಂತು. ಆ ರಾಸಾಯನಿಕ ಅಸಿಟೈಲ್‌ಕೋಲಿನ್. ಈ ಕಥೆಯನ್ನು ಎಷ್ಟೋ ಸಲ ಕ್ಲಾಸಿನಲ್ಲಿ ಹೇಳಿದ್ದೇನೆ. ಆ ಮಂಚದ ಮೇಲೆ ಮಾತ್ರ ನಾನು ಕಪ್ಪೆ ಕಡೆಯಿಂದ ಯೋಚಿಸಿದ್ದು.

ಕೊನೆಗೆ ಒಂದು ಪ್ರಶ್ನೆ ಕೇಳಿದೆ. ಎರಡನೇ ಸಲ ಮದುವೆ ಮನೆಯಲ್ಲಿ ಅಷ್ಟೇನೂ ಹೊತ್ತು ನಿಂತಿರಲಿಲ್ಲವಲ್ಲ? 'ಮತ್ತೆ ಬೀಳ್ತೀನೇನೋ ಅಂತ ಭಯ ಇತ್ತಲ್ವಾ?' ಅಂದರು. ಮೆಡುಲ್ಲಾ ಒಂಟಿಯಾಗಿ ಕೂತಿಲ್ಲ. ಮೇಲಿಂದ ಹೈಪೋಥಾಲಮಸ್, ಅದರ ಮೇಲೆ ಭಯ, ನೋವು, ನೆನಪು ನೋಡಿಕೊಳ್ಳುವ ಭಾಗಗಳು ಅದಕ್ಕೆ ಮಾತು ಹೇಳುತ್ತಲೇ ಇರುತ್ತವೆ. ಕೆಲವರು ರಕ್ತ ನೋಡಿದ ತಕ್ಷಣ ಬೀಳೋದು ಅದಕ್ಕೇ. ಅಲ್ಲಿ ರಕ್ತ ಕಾಲಿಗಿಳಿಯೋಕೆ ಕಾಯೋ ಪ್ರಶ್ನೆಯೇ ಇಲ್ಲ, ಕಣ್ಣು ಕಂಡಿದ್ದೇ ಸಾಕು. ನನ್ನ ಭಯವೂ ಅವತ್ತು ತನ್ನ ಪಾಲಿನ ಕೆಲಸ ಮಾಡಿತ್ತು.

ಫಿಟ್ಸ್ ಮಾತ್ರೆಯನ್ನು ಅವರೇ ಹಂತ ಹಂತವಾಗಿ ಇಳಿಸಿ ನಿಲ್ಲಿಸಿದರು (ನೀವಾಗಿ ನಿಲ್ಲಿಸೋಕೆ ಹೋಗಬೇಡಿ). ಬದಲಿಗೆ ಬೇರೆ ಮಾತ್ರೆ ಕೊಡಲಿಲ್ಲ. ದಿನಕ್ಕೆ ಎರಡೂವರೆ ಮೂರು ಲೀಟರ್ ನೀರು. ನನಗೆ ಬಿಪಿ ಜಾಸ್ತಿ ಇಲ್ಲದ್ದರಿಂದ ಸ್ವಲ್ಪ ಉಪ್ಪು ಹೆಚ್ಚಿಗೆ, ಮಜ್ಜಿಗೆಗೆ ಹಾಕಿಕೊಂಡು ಕುಡಿಯುತ್ತೇನೆ. ಆಕಳಿಕೆ, ಬೆವರು ಶುರುವಾದರೆ ಕಾಲಿಗೆ ಕಾಲು ಹೆಣೆದು ತೊಡೆ, ಪೃಷ್ಠ ಬಿಗಿ ಹಿಡಿಯಬೇಕು, ಇಲ್ಲಾ ಎರಡೂ ಕೈ ಕೊಕ್ಕೆ ಹಾಕಿ ಎಳೆಯಬೇಕು. ಹಿಂಡಿದ ಸ್ನಾಯು ರಕ್ತವನ್ನು ಮೇಲೆ ಕಳಿಸುತ್ತೆ. ಅದಕ್ಕೂ ಬಗ್ಗದಿದ್ದರೆ ನಾಚಿಕೆ ಬಿಟ್ಟು ಅಲ್ಲೇ ಮಲಗಬೇಕು.

ಪಿಟಿ ಮಾಸ್ಟರಿಗೆ ಕುರ್ಚಿ ವಿಷಯ ಹೇಳಿದೆ. ಪಾಪ, ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಪ್ರಾರ್ಥನೆ ಮುಗಿದ ಮೇಲೆ ಒಬ್ಬ ಹುಡುಗನನ್ನು ಮಣ್ಣಲ್ಲಿ ಮಲಗಿಸಿ, ಅವನ ಕಾಲು ಎತ್ತಿ ಹಿಡಿದು, 'ಯಾರಾದ್ರೂ ಬಿದ್ರೆ ಹಿಂಗೆ, ಎಬ್ಬಿಸಬಾರದು, ಗೊತ್ತಾಯ್ತಾ' ಅಂತ ಇಡೀ ಶಾಲೆಗೆ ತೋರಿಸಿದರು.

ಜನವರಿ 26 ಬಂತು. ಬೆಳಗ್ಗೆ ನಾಲ್ಕು ಇಡ್ಲಿ ತಿಂದು, ಒಂದು ಚೊಂಬು ನೀರು ಕುಡಿದು ಹೋಗಿ ಅದೇ ಸಾಲಿನ ಪಕ್ಕ ನಿಂತೆ. ರಾಷ್ಟ್ರಗೀತೆಗೆ ಕಾಲು ಹೆಣೆದು ನಿಲ್ಲೋ ಹಾಗಿಲ್ಲ, ಸಾವಧಾನ್. ಆ 52 ಸೆಕೆಂಡೂ ಚಪ್ಪಲಿಯೊಳಗೆ ಕಾಲ್ಬೆರಳು ಮಡಚಿ ಬಿಡುತ್ತಿದ್ದೆ, ಸೀರೆ ಅಂಚಿನ ಮರೆಯಲ್ಲಿ ಯಾರಿಗೂ ಕಾಣಲಿಲ್ಲ. ಆಮೇಲೆ ಭಾಷಣ. ಹೋದ ಸಲದ ಮೂರನೆಯವರು ಈ ಸಲ ಮೊದಲನೆಯವರು. ಎರಡೇ ಮಾತು ಅಂತ ಶುರು ಮಾಡಿ ಕಾಲು ಗಂಟೆ ಆಗಿತ್ತು, ನನಗೊಂದು ಆಕಳಿಕೆ ಬಂತು. ಬರೀ ಬೇಜಾರಿಗೆ ಬಂದ ಆಕಳಿಕೆ ಅದು, ದೇವರಾಣೆ. ಬಾಯಿ ಮುಚ್ಚುವಷ್ಟರಲ್ಲಿ ಆ ಹುಡುಗಿ ಸಾಲು ಬಿಟ್ಟು ನೀರಿನ ಬಾಟಲಿ ಹಿಡಿದು ಓಡಿ ಬಂದಿದ್ದಳು. 'ಮಿಸ್, ಮಲಗಿಬಿಡಿ' ಅಂದಳು, ಮೈಕಿಗಿಂತ ಜೋರಾಗಿ.